3,000 ರೂಪಾಯಿಯೊಳಗೆ ಕಿವಿ ಮುಚ್ಚದ ವೈರ್‌ಲೆಸ್ ಹೆಡ್‌ಫೋನ್: ಕಾಲ್‌ಗೂ ಹಾಡಿಗೂ ಯಾವುದು ಆಗುತ್ತದೆ?

ದಿನಕ್ಕೆ ನಾಲ್ಕೈದು ಗಂಟೆ ಆಫೀಸ್ ಕಾಲ್, ಸಂಜೆ ವಾಕಿಂಗ್ ಹೊತ್ತಿಗೆ ಒಂದಿಷ್ಟು ಹಾಡು, ಕಿವಿಯೊಳಗೆ ರಬ್ಬರ್ ತುರುಕುವುದು ಬೇಡ, ಬಜೆಟ್ 3,000. ಬೋನ್ ಕಂಡಕ್ಷನ್ ತಗೊಳ್ಳಲಾ, ಕ್ಲಿಪ್ ತಗೊಳ್ಳಲಾ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನನಗೂ ಇದೇ ಗೊಂದಲ ಇತ್ತು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆ ಉಡುಪಿ ಹತ್ತಿರ. ಮನೆಯಿಂದಲೇ ಕೆಲಸ, ಇಡೀ ದಿನ ಗ್ರಾಹಕರ ಜೊತೆ ಫೋನಿನಲ್ಲಿ ಮಾತು. ಮೊದಲು ಎಲ್ಲರ ಹಾಗೆ ರಬ್ಬರ್ ಟಿಪ್ ಇರುವ ಇಯರ್‌ಬಡ್ ಹಾಕುತ್ತಿದ್ದೆ. ಒಂದು ಜುಲೈಯಲ್ಲಿ ಕಿವಿ ವಿಪರೀತ ತುರಿಸೋಕೆ ಶುರುವಾಯಿತು. ಕಿವಿ ಡಾಕ್ಟರು ನೋಡಿ ಫಂಗಸ್ ಅಂದರು. ಮಳೆಗಾಲದಲ್ಲಿ ನಮ್ಮ ಕಡೆ ಗೋಡೆಗೂ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಗಂಟೆಗಟ್ಟಲೆ ಮುಚ್ಚಿಟ್ಟ ಕಿವಿಯೊಳಗೂ ಅದೇ ತೇವ, ಅದೇ ಬಿಸಿ. ಕಿವಿಗೆ ಗಾಳಿ ಆಡಬೇಕು ಅಂದರು. ಅಲ್ಲಿಂದ ಓಪನ್ ಇಯರ್, ಅಂದರೆ ಕಿವಿ ಮುಚ್ಚದ ಹೆಡ್‌ಫೋನಿನ ಹುಡುಕಾಟ ಶುರುವಾಯಿತು.

ಮೊದಲು ಬೋನ್ ಕಂಡಕ್ಷನ್ ವಿಷಯ, ಯಾಕೆಂದರೆ ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ನಿಜವಾದ ಬೋನ್ ಕಂಡಕ್ಷನ್ ಕಿವಿಯ ಮುಂದೆ, ಕೆನ್ನೆಯ ಮೂಳೆಯ ಮೇಲೆ ಕೂರುತ್ತದೆ. ಮೂಳೆ ನಡುಗುತ್ತದೆ, ಆ ನಡುಕ ಕಿವಿಯ ತಮಟೆಯ ಮೂಲಕ ಹೋಗದೆ ನೇರ ಒಳಕಿವಿಗೆ ಹೋಗುತ್ತದೆ. ಶಾಕ್ಸ್ ಕಂಪನಿಯ ಓಪನ್‌ರನ್, ಓಪನ್‌ಮೂವ್ ಇವೆಲ್ಲ ಈ ಜಾತಿಯವು. ಒಳ್ಳೆಯ ವಸ್ತು, ಆದರೆ ನಿಮ್ಮ 3,000ಕ್ಕೆ ಹೊಸದು ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ 800, 1,000 ರೂಪಾಯಿಗೆ ‘ಬೋನ್ ಕಂಡಕ್ಷನ್’ ಅಂತ ಬರೆದು ಮಾರುತ್ತಾರಲ್ಲ, ಅದರಲ್ಲಿ ಎಷ್ಟೋ ವಸ್ತುಗಳೊಳಗೆ ಇರುವುದು ಸಾಮಾನ್ಯ ಚಿಕ್ಕ ಸ್ಪೀಕರ್ ಅಷ್ಟೇ. ಹೊರಗಿನ ಆಕಾರ ಮಾತ್ರ ಹಾಗೇ ಇರುತ್ತದೆ. ನಾನು ಮೊದಲು ತಗೊಂಡದ್ದೂ ಅಂಥದ್ದೇ.

ಪರೀಕ್ಷೆ ಮಾಡುವುದು ಸುಲಭ. ಹಾಡು ಹಾಕಿ, ಎರಡೂ ಕಿವಿಯ ತೂತನ್ನು ಬೆರಳಿನಿಂದ ಒತ್ತಿ ಮುಚ್ಚಿ. ನಿಜವಾದ ಬೋನ್ ಕಂಡಕ್ಷನ್ ಆದರೆ ಹಾಡು ಕೇಳುತ್ತಲೇ ಇರುತ್ತದೆ, ಇನ್ನೂ ದಪ್ಪಗೆ ಕೇಳಿಸುತ್ತದೆ. ಸ್ಪೀಕರ್ ಆದರೆ ಸದ್ದು ತಟ್ಟನೆ ಕುಗ್ಗುತ್ತದೆ. ನನ್ನದು ಕುಗ್ಗಿತು. ವಾಪಸ್ ಕಳಿಸಿದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಹೊರಕಿವಿ, ನಡುಕಿವಿಯ ತೊಂದರೆಯಿಂದ ಕಿವಿ ಮಂದವಾಗಿರುವವರು ಮನೆಯಲ್ಲಿದ್ದರೆ ಅಂಥವರಿಗೆ ಬೋನ್ ಕಂಡಕ್ಷನ್ ನಿಜಕ್ಕೂ ಉಪಯೋಗಕ್ಕೆ ಬರಬಹುದು. ವಯಸ್ಸಿನಿಂದ ಒಳಕಿವಿಯ ನರ ಸೋತಿದ್ದರೆ ಅಷ್ಟು ಪ್ರಯೋಜನ ಇಲ್ಲ. ಯಾವುದು ಅಂತ ಡಾಕ್ಟರ ಹತ್ತಿರ ತೋರಿಸಿಕೊಂಡೇ ದುಡ್ಡು ಹಾಕಿ.

ಹಾಗಾಗಿ ನಿಮ್ಮ ಬಜೆಟ್‌ಗೆ ಉಳಿಯುವುದು ಏರ್ ಕಂಡಕ್ಷನ್. ಅಂದರೆ ಕಿವಿಯ ತೂತಿನ ಎದುರು ತೂಗುವ ಪುಟ್ಟ ಸ್ಪೀಕರ್. ಇದರಲ್ಲಿ ಕಿವಿಯ ಮೇಲೆ ಸುತ್ತಿ ಕೂರುವ ಕೊಕ್ಕೆಯದು ಒಂದು, ಕಿವಿಯ ಅಂಚಿಗೆ ಕಚ್ಚಿ ಕೂರುವ ಕ್ಲಿಪ್ ಇನ್ನೊಂದು. 2024ರಲ್ಲಿ ಬೋಸ್ ಕಂಪನಿಯ ಅಲ್ಟ್ರಾ ಓಪನ್ ಕ್ಲಿಪ್ 20 ಸಾವಿರ ದಾಟಿದ ಬೆಲೆಗೆ ಬಂದಿತ್ತು. ಈಗ ಅದೇ ಆಕಾರ ಕಡಿಮೆ ಬೆಲೆಗೂ ಬೇಕಾದಷ್ಟಿದೆ. ನಾಯ್ಸ್, ಸೌಂಡ್‌ಕೋರ್ ತರಹದ ಕಂಪನಿಗಳೂ ಓಪನ್ ಇಯರ್ ಮಾಡುತ್ತವೆ. ಮಾಡೆಲ್ ಹೆಸರು ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಅದಕ್ಕೆ ಹೆಸರಿಗಿಂತ ನೋಡಬೇಕಾದ್ದು ಏನು ಅಂತ ಹೇಳುತ್ತೇನೆ.

ನೀವು ಕನ್ನಡಕ ಹಾಕುತ್ತೀರಾ? ಹಾಕುತ್ತೀರಾದರೆ ಕ್ಲಿಪ್ ಕಡೆಗೇ ಹೋಗಿ. ಕೊಕ್ಕೆಯೂ ಕನ್ನಡಕದ ಕಡ್ಡಿಯೂ ಒಂದೇ ಸಂದಿಯಲ್ಲಿ ಕೂರಬೇಕು, ಎರಡು ಗಂಟೆಯಲ್ಲಿ ಕಿವಿಯ ಹಿಂದೆ ನೋವು ಶುರುವಾಗುತ್ತದೆ. ಕಿವಿಯ ಮೇಲಂಚಿಗೆ ಚುಚ್ಚಿಸಿಕೊಂಡು ಓಲೆ ಹಾಕುವವರಾದರೆ ಕ್ಲಿಪ್ ತಾಗಬಹುದು, ನೋಡಿಕೊಳ್ಳಿ. ಕನ್ನಡಕ ಇಲ್ಲದವರಿಗೆ ಕೊಕ್ಕೆ ಒಳ್ಳೆಯದು. ಬ್ಯಾಟರಿಗೆ ಜಾಗ ಜಾಸ್ತಿ ಇರುತ್ತದೆ, ಓಡಿದರೂ ಬೀಳುವುದಿಲ್ಲ. ನನಗೆ ಕನ್ನಡಕ ಇದೆ, ಕ್ಲಿಪ್‌ನಲ್ಲೇ ಇದ್ದೇನೆ.

ಈಗ ಕಾಲ್. ಇದನ್ನೇ ನಾನು ಎಲ್ಲಕ್ಕಿಂತ ಮುಖ್ಯ ಅಂತ ಹೇಳುವುದು. ಅಂಗಡಿಯಲ್ಲಿ ನಿಂತು ನಾವೆಲ್ಲ ಹಾಡು ಹಾಕಿ ನೋಡುತ್ತೇವೆ. ಕಾಲ್‌ನಲ್ಲಿ ಆ ಕಡೆಯವರಿಗೆ ನಮ್ಮ ದನಿ ಹೇಗೆ ಕೇಳುತ್ತದೆ ಅಂತ ನಮಗೆ ಗೊತ್ತೇ ಆಗುವುದಿಲ್ಲ. ಗ್ರಾಹಕರು ‘ಹಲೋ, ಹಲೋ, ಕೇಳಿಸ್ತಾ ಇಲ್ಲ’ ಅಂದಾಗಲೇ ಗೊತ್ತಾಗುವುದು. ಓಪನ್ ಇಯರ್‌ನಲ್ಲಿ ಮೈಕ್ ಕಿವಿಯ ಹತ್ತಿರ, ಅಂದರೆ ಬಾಯಿಂದ ದೂರ ಇರುತ್ತದೆ. ಡಬ್ಬದ ಮೇಲೆ ಇಎನ್‌ಸಿ ಅಂತ ಬರೆದಿರುತ್ತದೆ. ಅದು ನಿಮ್ಮ ಮೈಕ್‌ಗೆ ಬರುವ ಗಲಾಟೆ ಕಡಿಮೆ ಮಾಡಿ ಆ ಕಡೆಗೆ ಕಳಿಸುವ ವ್ಯವಸ್ಥೆ. ನಿಮಗೆ ಕೇಳುವ ಗಲಾಟೆಗೂ ಅದಕ್ಕೂ ಸಂಬಂಧ ಇಲ್ಲ. ನಿಮಗೆ ಕೇಳುವ ಗಲಾಟೆ ಕಡಿಮೆ ಮಾಡುವುದಕ್ಕೆ ಎಎನ್‌ಸಿ ಅನ್ನುತ್ತಾರೆ, ತೆರೆದ ಕಿವಿಗೆ ಅದರಿಂದ ಹೆಚ್ಚು ಪ್ರಯೋಜನ ಆಗುವುದಿಲ್ಲ.

ಅದಕ್ಕೆ ಬಂದ ದಿನವೇ ಹೀಗೆ ಮಾಡಿ. ಫೋನಿಗೆ ಜೋಡಿಸಿ, ರೆಕಾರ್ಡರ್ ಆ್ಯಪ್ ಹೆಡ್‌ಫೋನಿನ ಮೈಕ್‌ನಿಂದಲೇ ತಗೊಳ್ಳುತ್ತಿದೆಯಾ ನೋಡಿಕೊಂಡು, ಮೂರು ಕಡೆ ಒಂದೊಂದು ನಿಮಿಷ ಮಾತಾಡಿ: ಫ್ಯಾನ್ ಕೆಳಗೆ, ಮಿಕ್ಸಿ ಓಡುವಾಗ ಅಡುಗೆಮನೆಯ ಬಾಗಿಲಲ್ಲಿ, ರಸ್ತೆಬದಿಯಲ್ಲಿ ಗಾಳಿ ಬೀಸುವಾಗ. ಆಮೇಲೆ ಕೇಳಿ. ರೆಕಾರ್ಡರ್ ಬರೀ ಫೋನಿನ ಮೈಕ್ ಹಿಡಿಯುತ್ತಿದ್ದರೆ ಮನೆಯವರಿಗೆ ಕಾಲ್ ಮಾಡಿ, ಹೇಗೆ ಕೇಳಿಸುತ್ತಿದೆ ಅಂತ ಕೇಳಿಕೊಳ್ಳಿ. ಫ್ಯಾನ್ ಕೆಳಗೇ ದನಿ ನೀರಿನೊಳಗಿಂದ ಬಂದ ಹಾಗಿದ್ದರೆ ಮತ್ತೆ ಯೋಚನೆ ಮಾಡಬೇಡಿ, ವಾಪಸ್ ಕಳಿಸಿ. ಗಾಳಿಗೆ ಮಾತ್ರ ಕೆಡುತ್ತದಾದರೆ ಕ್ಷಮಿಸಬಹುದು, ಈ ಬೆಲೆಗೆ ಬಹುತೇಕ ಎಲ್ಲವೂ ಗಾಳಿಗೆ ಸೋಲುತ್ತವೆ.

ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಇದ್ದರೆ ಇನ್ನೊಂದು ವಿಷಯ ಗೊತ್ತಿರಲಿ. ನನಗೆ ಇದು ತಿಳಿಯುವ ಹೊತ್ತಿಗೆ ಒಂದು ಒಳ್ಳೆಯ ಹೆಡ್‌ಫೋನನ್ನೇ ಕೆಟ್ಟದು ಅಂದುಕೊಂಡು ವಾಪಸ್ ಮಾಡಿಯಾಗಿತ್ತು. ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಮಾತಿಗೆ ಇನ್ನೊಂದು ದಾರಿ. ಮೈಕ್ ಆನ್ ಆದ ಕೂಡಲೇ ಅದು ಮಾತಿನ ದಾರಿಗೆ ಬದಲಾಗುತ್ತದೆ. ಅಲ್ಲಿ ಸದ್ದನ್ನು ಸಾಮಾನ್ಯವಾಗಿ ಸೆಕೆಂಡಿಗೆ 8,000 ಸಲ ಇಲ್ಲವೇ 16,000 ಸಲ ಅಳೆದು ಕಳಿಸುತ್ತಾರೆ. ಸಿಡಿಯಲ್ಲಿ ಅದು 44,100. ಅದಕ್ಕೇ ಮೀಟಿಂಗ್ ಶುರುವಾದ ಕೂಡಲೇ ಎಲ್ಲರ ದನಿ ಹಳೇ ಟೆಲಿಫೋನಿನ ಹಾಗೆ ಕೇಳುವುದು. ಬ್ಲೂಟೂತ್‌ನಲ್ಲಿ ಸದ್ದು ಕಳಿಸುವ ಹೊಸ ವಿಧಾನವಾದ ಎಲ್‌ಇ ಆಡಿಯೊದಲ್ಲಿ ಇದು ಸುಧಾರಿಸಿದೆ, ಆದರೆ ಹೆಡ್‌ಫೋನ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಅದು ಗೊತ್ತಿರಬೇಕು. ಸುಲಭ ಪರಿಹಾರ ಇಷ್ಟೇ: ಮೀಟಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಜಾಗದಲ್ಲಿ ಹೆಡ್‌ಫೋನ್ ಆರಿಸಿ, ಮೈಕ್ ಜಾಗದಲ್ಲಿ ಲ್ಯಾಪ್‌ಟಾಪ್‌ನ ಸ್ವಂತ ಮೈಕ್ ಆರಿಸಿ. ರೂಮು ಸದ್ದಿಲ್ಲದೆ ಇದ್ದರೆ ನಿಮಗೂ ಚೆನ್ನಾಗಿ ಕೇಳುತ್ತದೆ, ಅವರಿಗೂ ಚೆನ್ನಾಗಿ ಕೇಳುತ್ತದೆ. ಒಂದು ರೂಪಾಯಿ ಖರ್ಚಿಲ್ಲ.

ತೆರೆದ ಕಿವಿಯಿಂದ ಕಾಲ್‌ಗೆ ಒಂದು ದೊಡ್ಡ ಲಾಭ ಇದೆ. ಕಿವಿ ಮುಚ್ಚಿದ್ದರೆ ನಮ್ಮ ದನಿ ನಮ್ಮ ತಲೆಯೊಳಗೇ ಗುಂಯ್‌ಗುಡುತ್ತದೆ, ಸಂಜೆ ಹೊತ್ತಿಗೆ ತಲೆ ಭಾರ. ತೆರೆದಿದ್ದರೆ ಎದುರಿಗೆ ಕೂತವರ ಜೊತೆ ಮಾತಾಡಿದ ಹಾಗೆ. ಕಾಲ್ ಮಧ್ಯೆ ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಅಂತ ಲೆಕ್ಕ ತಪ್ಪುವುದಿಲ್ಲ. ಒಳಕೋಣೆಯಿಂದ ಅತ್ತೆ ಕರೆದರೆ ಕೇಳಿಸುತ್ತದೆ. ಅವರು ಒಮ್ಮೆ ಜಾರಿ ಬಿದ್ದವರು, ಹಾಗಾಗಿ ಇದು ನನಗೆ ಬಹಳ ದೊಡ್ಡ ಸಮಾಧಾನ.

ಆದರೆ ಹೊರಗಿನ ಗಲಾಟೆಗೆ ಇದು ಸೋಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮದು ಹಂಚಿನ ಮಾಡು. ಆಟಿ ತಿಂಗಳ ಮಳೆ ಜೋರಾಗಿ ಹೊಡೆದರೆ ಕಾಲ್‌ನ ಒಂದು ಮಾತೂ ಕೇಳಿಸುವುದಿಲ್ಲ. ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಮುಂದೆಯೂ ಅಷ್ಟೇ. ಆಗ ವಾಲ್ಯೂಮ್ ಏರಿಸಬೇಡಿ, ದಯವಿಟ್ಟು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಜಾಸ್ತಿಯಾದರೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10. ಕಿವಿ ತೆರೆದಿದೆ ಅಂದಮಾತ್ರಕ್ಕೆ ಕಿವಿಗೆ ಪೆಟ್ಟಾಗುವುದಿಲ್ಲ ಅಂತ ಅಲ್ಲ. ಬಸ್ಸಿಗೆ, ಮಳೆಗೆ ನಾನು ಹಳೇ ವೈರ್ ಇಯರ್‌ಫೋನ್ ಒಂದನ್ನು ಇಟ್ಟುಕೊಂಡಿದ್ದೇನೆ, ಸ್ವಲ್ಪ ಹೊತ್ತಿಗೆ ಮಾತ್ರ.

ಹಾಡಿನ ವಿಷಯ ಬೇಗ ಹೇಳುತ್ತೇನೆ. ಬೇಸ್ ಕಡಿಮೆ ಇರುತ್ತದೆ. ಕಿವಿ ಮುಚ್ಚದೆ ಇದ್ದರೆ ಕೆಳಗಿನ ಸ್ವರ ಗಾಳಿಯಲ್ಲಿ ಚದುರಿ ಹೋಗುತ್ತದೆ, ಎಷ್ಟು ದುಡ್ಡು ಕೊಟ್ಟರೂ ಇದು ಪೂರ್ತಿ ಸರಿಯಾಗುವುದಿಲ್ಲ. ಭಾವಗೀತೆ, ಸುದ್ದಿ, ಯಕ್ಷಗಾನದ ಭಾಗವತಿಕೆ ಚೆಂದ ಕೇಳುತ್ತದೆ. ಚೆಂಡೆಯ ಗುಡುಗು ಬೇಕು ಅಂದರೆ ಇದು ಆಗುವುದಿಲ್ಲ.

ಡಬ್ಬದಲ್ಲಿ ಬ್ಲೂಟೂತ್ 5.3, 5.4 ಅಂತ ದೊಡ್ಡದಾಗಿ ಬರೆದಿರುತ್ತದೆ. ಆ ಸಂಖ್ಯೆಯಿಂದ ಸದ್ದಿನ ಗುಣ ಗೊತ್ತಾಗುವುದಿಲ್ಲ. ಅದರ ಬದಲು ಎರಡು ಸಾಧನಕ್ಕೆ ಒಟ್ಟಿಗೆ ಜೋಡಿಸುವ ಮಲ್ಟಿಪಾಯಿಂಟ್ ಇದೆಯಾ ನೋಡಿ. ಲ್ಯಾಪ್‌ಟಾಪ್ ಮೀಟಿಂಗ್ ಮುಗಿದ ಕೂಡಲೇ ಫೋನ್ ಕಾಲ್ ಬಂದರೆ ಅದರ ಬೆಲೆ ಗೊತ್ತಾಗುತ್ತದೆ. ನೀರಿನಿಂದ ರಕ್ಷಣೆ ಎಷ್ಟು ಅಂತ ಹೇಳುವ ಗುರುತು ಐಪಿಎಕ್ಸ್4 ಇದ್ದರೆ ಬೆವರಿಗೆ, ತುಂತುರಿಗೆ ಸಾಕು. ಚಾರ್ಜಿಂಗ್ ಡಬ್ಬಿಗೆ ಆ ರಕ್ಷಣೆ ಇರುತ್ತದೆ ಅಂತ ಅಂದುಕೊಳ್ಳಬೇಡಿ. ವಾಕಿಂಗ್ ಮುಗಿಸಿ ಬಂದು ಒರೆಸಿಯೇ ಡಬ್ಬಿಯೊಳಗಿಡಿ, ಇಲ್ಲದಿದ್ದರೆ ಚಾರ್ಜಿಂಗ್ ಪಿನ್ನಿಗೆ ಕಿಲುಬು ಹಿಡಿಯುತ್ತದೆ. ಹಾಗೆಯೇ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರು ಇರಲಿ. ಇದು ಇಡೀ ದಿನ ಮೈಗೆ ತಾಗಿಕೊಂಡೇ ಇರುವ ಬ್ಯಾಟರಿ, ಅಲ್ವಾ?

ನಿಮ್ಮ ಜಾಗದಲ್ಲಿ ನಾನಿದ್ದರೆ 2,000ದಿಂದ 3,000ದೊಳಗೆ, ಮಲ್ಟಿಪಾಯಿಂಟ್ ಇರುವ, ಒಂದು ಚಾರ್ಜಿಗೆ ಕನಿಷ್ಠ 6 ಗಂಟೆ ಬರುವ ಏರ್ ಕಂಡಕ್ಷನ್ ತಗೊಳ್ಳುತ್ತಿದ್ದೆ. ಬೋನ್ ಕಂಡಕ್ಷನ್ ಅನ್ನು ಈ ಬಜೆಟ್‌ನಲ್ಲಿ ಬಿಟ್ಟುಬಿಡಿ. ಆರ್ಡರ್ ಮಾಡುವ ಮೊದಲು ವಾಪಸಾತಿಗೆ ಎಷ್ಟು ದಿನ ಇದೆ, ದುಡ್ಡು ವಾಪಸ್ ಕೊಡುತ್ತಾರಾ ಅಥವಾ ಬರೀ ಬದಲಿ ಕೊಡುತ್ತಾರಾ ಅಂತ ಓದಿ. ಬದಲಿ ಮಾತ್ರ ಅಂತ ಇದ್ದರೆ ಬೇರೆ ಕಡೆ ನೋಡಿ. ಕನ್ನಡಕ ಇದೆಯಾ ಇಲ್ಲವಾ ಅಂತ ಕಮೆಂಟಿನಲ್ಲಿ ತಿಳಿಸಿ. ನೀವು ನೋಡಿಟ್ಟ ಮಾಡೆಲ್‌ಗಳ ಹೆಸರನ್ನೂ ಹಾಕಿ, ಒಟ್ಟಿಗೆ ನೋಡೋಣ.