ಬರಹಗಾರರಿಗೆ ಸಲಹೆ: ಸ್ಟ್ರೌಸ್ ಕುರಿತ ನಿಮ್ಮ ಲೇಖನ

ಮಾನ್ಯರೇ,

ಜರ್ಮನಿಯ ಬವೇರಿಯಾ ರಾಜ್ಯದ ರಾಜಕಾರಣಿ, ಸಿಎಸ್‌ಯು ಪಕ್ಷದ ನಾಯಕ ಫ್ರಾಂಟ್ಸ್ ಯೋಸೆಫ್ ಸ್ಟ್ರೌಸ್ ಬಗ್ಗೆ ನೀವು ಕಳಿಸಿದ ವ್ಯಕ್ತಿಚಿತ್ರ ಈಗಿರುವ ಹಾಗೆ ಪ್ರಕಟಣೆಗೆ ಬರುವುದಿಲ್ಲ. ವಿಷಯ ಗಟ್ಟಿಯಿದೆ, ತಿದ್ದಿ ಕಳಿಸಿ.

ಸಿಎಸ್‌ಯು (ಕ್ರಿಶ್ಚಿಯನ್ ಸೋಷಿಯಲ್ ಯೂನಿಯನ್) ಎಂದರೆ ಸಿಡಿಯುವಿನ (ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್) ರಾಜ್ಯ ಘಟಕ ಎಂದಿದ್ದೀರಿ. ಅಲ್ಲ. ಅದು ಬೇರೆಯೇ ಪಕ್ಷ. ಅದು ಬವೇರಿಯಾದಲ್ಲಿ ಮಾತ್ರ ಸ್ಪರ್ಧಿಸುತ್ತದೆ, ಸಿಡಿಯು ಅಲ್ಲಿಗೆ ಕಾಲಿಡುವುದಿಲ್ಲ. ಸಂಸತ್ತಿನಲ್ಲಿ ಇಬ್ಬರದೂ ಒಂದೇ ಗುಂಪು. ಈ ತಪ್ಪಿನಿಂದಲೇ ಸ್ಟ್ರೌಸ್ ಅವರ ಧೈರ್ಯದ ಮೂಲ ನಿಮ್ಮ ಕೈತಪ್ಪಿದೆ.

'ನೇರ ನುಡಿಯ ನಾಯಕ' ಎಂದು ಮೊದಲ ಪುಟದಲ್ಲೇ ಆರು ಸಲ ಬರೆದಿದ್ದೀರಿ. ಏನಂದರು, ಯಾರ ಮುಂದೆ ಅಂದರು, ಅದರಿಂದ ಏನಾಯಿತು ಎಂಬುದು ಒಮ್ಮೆಯೂ ಇಲ್ಲ. 1976ರ ನವೆಂಬರ್ ನೋಡಿ. 19ರಂದು ಬವೇರಿಯಾದ ಕ್ರೊಯ್ಟ್ ಎಂಬ ಊರಿನಲ್ಲಿ ಸೇರಿದ ಸಿಎಸ್‌ಯು ಸಂಸದರು ಆ ಜಂಟಿ ಗುಂಪನ್ನೇ ಮುರಿಯಲು ತೀರ್ಮಾನಿಸಿದರು. 24ರಂದು ರಾಜ್ಯದ ರಾಜಧಾನಿ ಮ್ಯೂನಿಕ್‌ನಲ್ಲಿ, ಪಕ್ಷದ ಯುವಕರ ಮುಂದೆ, ಸಿಡಿಯು ನಾಯಕ ಹೆಲ್ಮುಟ್ ಕೋಲ್ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಹುದ್ದೆಗೆ ಖಂಡಿತ ಲಾಯಕ್ಕಿಲ್ಲ ಎಂದು ಸ್ಟ್ರೌಸ್ ಜರಿದರು. ಮಾತು ಪತ್ರಿಕೆಗೆ ಸೋರಿತು. ಗುಂಪು ಮುರಿದರೆ ಬವೇರಿಯಾದಲ್ಲಿ ನಾವೂ ಸ್ಪರ್ಧಿಸುತ್ತೇವೆ ಎಂದು ಸಿಡಿಯು ಹೆದರಿಸಿತು; ಡಿಸೆಂಬರ್‌ನಲ್ಲಿ ತೀರ್ಮಾನ ವಾಪಸಾಯಿತು. 1982ರಲ್ಲಿ ಕೋಲ್ ಚಾನ್ಸಲರ್ ಆದರು. ಇದನ್ನು ಹೀಗೇ ದಿನಾಂಕದೊಡನೆ ಬರೆದರೆ ವಿಶೇಷಣವೇ ಬೇಡ.

1962ರ 'ಡೆರ್ ಶ್ಪೀಗಲ್' ವಾರಪತ್ರಿಕೆಯ ಪ್ರಕರಣವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಅನ್ಯಾಯ. ಸೇನೆ ರಕ್ಷಣೆಗೆ ಪೂರ್ತಿ ಸಜ್ಜಾಗಿಲ್ಲ ಎಂದು ಪತ್ರಿಕೆ ಬರೆಯಿತು. ಸೇನಾ ರಹಸ್ಯ ಬಯಲು ಮಾಡಿದ ಆರೋಪದ ಮೇಲೆ ಅಕ್ಟೋಬರ್ 26ರ ರಾತ್ರಿ ಹ್ಯಾಂಬರ್ಗ್‌ನ ಅದರ ಕಚೇರಿಗೆ ಪೊಲೀಸರು ನುಗ್ಗಿದರು. ಪ್ರಕಾಶಕ ರುಡಾಲ್ಫ್ ಔಗ್‌ಸ್ಟೈನ್ 103 ದಿನ ಜೈಲಿನಲ್ಲಿದ್ದರು. ಲೇಖನ ಬರೆದ ಕಾನ್ರಾಡ್ ಆಹ್ಲರ್ಸ್ ಸ್ಪೇನ್‌ನಲ್ಲಿ ಬಂಧನವಾದದ್ದರಲ್ಲಿ ತನ್ನ ಕೈವಾಡವಿಲ್ಲ ಎಂದ ರಕ್ಷಣಾ ಸಚಿವ ಸ್ಟ್ರೌಸ್, ಆಮೇಲೆ ತಾವೇ ಮ್ಯಾಡ್ರಿಡ್‌ಗೆ ಫೋನ್ ಮಾಡಿದ್ದನ್ನು ಸಂಸತ್ತಿನಲ್ಲಿ ಒಪ್ಪಬೇಕಾಯಿತು. ಸರ್ಕಾರದ ಮಿತ್ರಪಕ್ಷ ಎಫ್‌ಡಿಪಿಯ ಐವರು ಸಚಿವರು ರಾಜೀನಾಮೆ ಕೊಟ್ಟರು, ಕೊನೆಗೆ ಸ್ಟ್ರೌಸ್ ಕೂಡ ಹೋದರು. ಆದರೆ ಅದೇ ಗಲಾಟೆಯ ನಡುವೆ, ನವೆಂಬರ್ 25ರಂದು, ಬವೇರಿಯಾ ಮತದಾರರು ಸಿಎಸ್‌ಯುಗೆ ಬಹುಮತ ಕೊಟ್ಟಿದ್ದರು. ಆಗಿನ ರಾಷ್ಟ್ರ ರಾಜಧಾನಿ ಬಾನ್‌ನಲ್ಲಿ ಕಳೆದುಕೊಂಡದ್ದನ್ನು ಮ್ಯೂನಿಕ್ ಉಳಿಸಿಕೊಟ್ಟಿತು: ಲೇಖನದ ಬೆನ್ನೆಲುಬು ಇದೇ ಆಗಲಿ. 1966ರಲ್ಲಿ ಹಣಕಾಸು ಸಚಿವರಾಗಿ ಮರಳಿದ್ದು, 1978ರಿಂದ ಸಾಯುವವರೆಗೆ ಬವೇರಿಯಾದ ಮುಖ್ಯಮಂತ್ರಿಯಾಗಿದ್ದದ್ದು ಆಗ ತಾನಾಗಿ ಅರ್ಥವಾಗುತ್ತದೆ.

1980ರ ಸಂಸತ್ ಚುನಾವಣೆಯದು 'ಹೀನಾಯ ಸೋಲು' ಅಲ್ಲ. ಎರಡೂ ಪಕ್ಷಗಳ ಚಾನ್ಸಲರ್ ಅಭ್ಯರ್ಥಿಯಾಗಿ ಅವರು ತಂದ 44.5% ಮತ ಎಲ್ಲರಿಗಿಂತ ಹೆಚ್ಚು. ಎಫ್‌ಡಿಪಿ ಆಗಿನ ಚಾನ್ಸಲರ್ ಹೆಲ್ಮುಟ್ ಶ್ಮಿಟ್ ಕಡೆಗಿದ್ದದ್ದರಿಂದ ಅಧಿಕಾರ ಸಿಗಲಿಲ್ಲ.

1983ರಲ್ಲಿ ಕಮ್ಯುನಿಸ್ಟ್ ಆಡಳಿತದ ಪೂರ್ವ ಜರ್ಮನಿಗೆ ನೂರು ಕೋಟಿ ಮಾರ್ಕ್ ಸಾಲ ಕೊಡಿಸಿದ್ದನ್ನು 'ಉದಾರತೆ' ಎಂದು ದಾಟಿಸಬೇಡಿ. ಜೀವಮಾನವಿಡೀ ಕಮ್ಯುನಿಸ್ಟರನ್ನು ಬೈದವರು ಅವರು. ಸಿಟ್ಟಾದ ಕೆಲವರು ಪಕ್ಷ ಬಿಟ್ಟು ರಿಪಬ್ಲಿಕನ್ನರ್ ಎಂಬ ಬಲಪಂಥೀಯ ಪಕ್ಷ ಕಟ್ಟಿದರು. ಇಲ್ಲಿ ಒಂದು ಪುಟ ನಿಲ್ಲಿ. ಜಾಗಕ್ಕೆ, ಮಾಂಸದಂಗಡಿಯವರ ಮಗನ ಬಾಲ್ಯದ ಎರಡು ಪುಟಗಳನ್ನು ಎರಡು ಸಾಲಿಗೆ ಇಳಿಸಿ.

ಬರ್ಲಿನ್ ಗೋಡೆ ಬಿದ್ದಾಗ ಅವರು ಸಂಭ್ರಮಿಸಿದರು ಎಂಬ ವಾಕ್ಯ ತೆಗೆಯಿರಿ. ಅವರು ತೀರಿಕೊಂಡದ್ದು 1988ರ ಅಕ್ಟೋಬರ್ 3ರಂದು, ಗೋಡೆ ಬೀಳುವುದಕ್ಕೆ ಒಂದು ವರ್ಷ ಮೊದಲು.

ಸಂಪಾದಕರು