ಪಂದಿ ಕರಿ ಬಿಟ್ರೂ ತೂಕ ಯಾಕೆ ಏರ್ತಿದೆ?

ಈ ಸಲ ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡವರ ಪತ್ರಗಳೇ ಜಾಸ್ತಿ ಬಂದಿವೆ. ಶುಗರ್, ಥೈರಾಯ್ಡ್ ಬಗ್ಗೆ ಕೇಳಿದವರು ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಂಚಿಕೆಗೆ ಎತ್ತಿಟ್ಟಿದೀನಿ.

ಪ್ರಶ್ನೆ: ಮೇಡಂ, ನಂಗೆ 44 ವರ್ಷ. ಮೂರು ವರ್ಷದ ಹಿಂದೆ ಬೆಂಗಳೂರಲ್ಲಿ ಸ್ಲೀವ್ ಸರ್ಜರಿ ಆಯ್ತು. ಆಗ 112 ಕೆಜಿ ಇದ್ದೆ, ಒಂದೂವರೆ ವರ್ಷದಲ್ಲಿ 74ಕ್ಕೆ ಬಂದೆ, ಈಗ ನೋಡಿದ್ರೆ 81. ಊಟ ಅಂದ್ರೆ ಒಂದು ಸಣ್ಣ ಬಟ್ಟಲು ಅಷ್ಟೇ. ಪಂದಿ ಕರಿ ಪೂರ್ತಿ ಬಿಟ್ಟಿದೀನಿ, ಕೈಲ್ ಮುಹೂರ್ತದ ಹಬ್ಬಕ್ಕೂ ಮುಟ್ಲಿಲ್ಲ. ಬೆಳಿಗ್ಗೆ ಎದ್ದು ಬೆಲ್ಲದ ಕಾಫಿ, ಎರಡು ರಸ್ಕ್, ಹನ್ನೊಂದಕ್ಕೆ ಇನ್ನೊಂದು ಕಾಫಿ, ಮಧ್ಯಾಹ್ನ ಸ್ವಲ್ಪ ಅನ್ನ ಸಾರು, ನಾಲ್ಕಕ್ಕೆ ಕಾಫಿ ಜೊತೆ ಏನಾದ್ರೂ, ಮಳೆ ಇದ್ರೆ ಆರಕ್ಕೆ ಮತ್ತೊಂದು, ರಾತ್ರಿ ಎರಡು ನೂಪುಟ್ಟು. ಇಷ್ಟಕ್ಕೇ ತೂಕ ಏರತ್ತಾ? ಹೊಟ್ಟೆ ಮತ್ತೆ ಹಿಗ್ಗಿರ್ಬಹುದಾ? ಅಷ್ಟು ದುಡ್ಡು ಸುರಿದಿದ್ದು ದಂಡ ಅಂತ ಅತ್ತೆ ದಿನಾ ಅಂತಾರೆ. ಈಗ ಬಂದಿರೋ ಇಂಜೆಕ್ಷನ್ ತಗೊಳ್ಳಲಾ?
ಹೆಸರು ಬೇಡ, ಗೋಣಿಕೊಪ್ಪ

ಉತ್ತರ: ಮೊದಲು ಅತ್ತೆಗೆ ಲೆಕ್ಕ ಹೇಳಿ. ಇಳಿದಿದ್ದು 38 ಕೆಜಿ, ವಾಪಸ್ ಬಂದಿದ್ದು 7, ಅಂದ್ರೆ 31 ಕೆಜಿ ಇವತ್ತಿಗೂ ಕೆಳಗೇ ಇದೆ, ಇದನ್ನ ದಂಡ ಅನ್ನೋಕಾಗಲ್ಲ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ತೂಕ ಎಲ್ಲಕ್ಕಿಂತ ಕೆಳಗೆ ಹೋಗತ್ತೆ, ಆಮೇಲೆ ಸ್ವಲ್ಪ ಏರೋದು ತುಂಬಾ ಜನಕ್ಕೆ ಆಗತ್ತೆ. ಆದ್ರೆ ಏರ್ತಾನೇ ಹೋಗೋಕೆ ಬಿಡಬಾರದು, ಅದಕ್ಕೆ ಈಗ್ಲೇ ಬರೆದಿದ್ದು ಒಳ್ಳೇದಾಯ್ತು.

ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲು, ಕೆಲವರಿಗೆ 80 ಪರ್ಸೆಂಟ್ ತನಕ, ಕತ್ತರಿಸಿ ತೆಗೀತಾರೆ. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನ್ ಜಾಸ್ತಿ ತಯಾರಾಗೋ ಭಾಗನೂ ಅದರ ಜೊತೆ ಹೋಗತ್ತೆ, ಹಾಗಾಗಿ ಮೊದಲ ವರ್ಷ ಎಷ್ಟೋ ಜನಕ್ಕೆ ಹಸಿವೇ ಗೊತ್ತಾಗಲ್ಲ. ಬರ್ತಾ ಬರ್ತಾ ಹಸಿವು ವಾಪಸ್ ಬರತ್ತೆ, ಇಳಿದ ಮೈಗೆ ಮೊದಲಿನಷ್ಟು ಕ್ಯಾಲೊರಿನೂ ಬೇಕಾಗಲ್ಲ, ಉಳಿದ ಹೊಟ್ಟೆನೂ ಕಾಲ ಕಳೆದ ಹಾಗೆ ಸ್ವಲ್ಪ ಹಿಗ್ಗತ್ತೆ ನಿಜ. ಆದ್ರೆ ನಿಮ್ಮ ಪತ್ರ ಓದಿದ್ರೆ ನಂಗೆ ಹೊಟ್ಟೆ ಮೇಲೆ ಅನುಮಾನ ಬರಲ್ಲ, ಕಾಫಿ ಲೋಟದ ಮೇಲೆ ಬರತ್ತೆ.

ಲೋಟಕ್ಕೆ 15 ಗ್ರಾಂ ಬೆಲ್ಲ ಅಂತ ಇಟ್ಕೊಳ್ಳಿ, ನಮ್ಮ ಕಡೆ ಕೈ ಇನ್ನೂ ಧಾರಾಳ, ಆದ್ರೂ ಇರ್ಲಿ. ನಾಲ್ಕು ಲೋಟಕ್ಕೆ 60 ಗ್ರಾಂ, ಬೆಲ್ಲದ್ದೇ 230 ಕ್ಯಾಲೊರಿ ಹತ್ರ ಆಯ್ತು, ದಿನಾ, ಅದೂ ಹೊಟ್ಟೆಗೆ ಏನೂ ಬಿದ್ದೇ ಇಲ್ಲ ಅನ್ನೋ ಹಾಗೆ. ಕಾಫಿಗೆ ಅದ್ದಿದ ರಸ್ಕ್, ಬಾಯಲ್ಲಿ ಕರಗೋ ಬಿಸ್ಕೆಟ್, ಬಾಳೆಕಾಯಿ ಚಿಪ್ಸ್, ಇವೆಲ್ಲ ಪುಡಿಯಾಗಿ ನೀರಿನ ಜೊತೆ ಸರಕ್ ಅಂತ ಜಾರಿ ಹೋಗೋ ಪದಾರ್ಥ. ಗಟ್ಟಿ ಮಾಂಸ ನಾಲ್ಕು ತುಂಡಿಗೇ ಸಾಕು ಅನ್ನಿಸತ್ತೆ, ಚಿಪ್ಸ್ ಮಾತ್ರ ಡಬ್ಬ ಖಾಲಿ ಆದ್ರೂ ಸಾಕು ಅನ್ನಿಸಲ್ಲ. ನಾಲ್ಕಕ್ಕೆ ಕಾಫಿ ಜೊತೆ "ಏನಾದ್ರೂ" ಅಂತ ಬರೆದಿದೀರಲ್ಲ, ಆ ಏನಾದ್ರೂ ಏನು ಅಂತ ಒಂದು ವಾರ ಚೀಟಿ ಬರೆದಿಡಿ, ಬಾಯಿಗೆ ಹಾಕೋ ಮೊದಲೇ ಬರೀಬೇಕು, ರಾತ್ರಿ ನೆನಪು ಮಾಡ್ಕೊಂಡು ಬರೆದ್ರೆ ಅರ್ಧ ಬಿಟ್ಟು ಹೋಗಿರತ್ತೆ.

ಇನ್ನೊಂದು ವಿಷಯ, ಇಡೀ ದಿನದಲ್ಲಿ ಪ್ರೋಟೀನ್ ಎಲ್ಲಿದೆ? ರಸ್ಕ್, ಅನ್ನ, ನೂಪುಟ್ಟು, ಬೆಲ್ಲ, ಎಲ್ಲಾ ಹಿಟ್ಟು ಸಕ್ಕರೆ ಕಡೆಯವೇ. ನಿಮಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೇಲಿ 6 ಗ್ರಾಂ ಅಷ್ಟೇ ಇರೋದು, ಅಂದ್ರೆ ಪ್ರತಿ ಊಟದಲ್ಲೂ ಹುಡುಕಿ ತಿನ್ಬೇಕು. ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಮೀನೋ ಕೋಳಿನೋ, ಸಂಜೆ ರಸ್ಕ್ ಬದಲು ಬೇಯಿಸಿದ ಕಡಲೆಕಾಳು ಅಥವಾ ಗಟ್ಟಿ ಮೊಸರು. ಪಂದಿ ಕರಿ ಬಿಟ್ಟಿದ್ದಕ್ಕೆ ನಿಮಗೆ ಯಾರೂ ಮೆಡಲ್ ಕೊಡಲ್ಲ ಬಿಡಿ. ಕೊಬ್ಬಿನ ಪದರ ತೆಗೆದ ಬರೀ ಮಾಂಸದ ತುಂಡನ್ನ ಕಚಂಪುಳಿ ಹಾಕಿ ಮೆತ್ತಗೆ ಬೇಯಿಸಿ, ಮೇಲೆ ತೇಲೋ ತುಪ್ಪದಂಥ ಕೊಬ್ಬನ್ನ ಸೌಟಲ್ಲಿ ತೆಗೆದು, ಬೆರಳ ತುದಿಯಷ್ಟು ತುಂಡು ಮಾಡಿ ನುಣ್ಣಗಾಗೋ ತನಕ ಅಗಿದು ತಿಂದ್ರೆ ಅದು ರಸ್ಕ್‌ಗಿಂತ ಸಾವಿರ ಪಾಲು ವಾಸಿ. ತಟ್ಟೇಲಿ ಮೊದಲು ಮಾಂಸ, ಆಮೇಲೆ ತರಕಾರಿ ಪಲ್ಯ, ಜಾಗ ಉಳಿದ್ರೆ ಕಡಂಬುಟ್ಟು, ಅದೂ ಒಂದು. ಊಟದ ಮಧ್ಯೆ ನೀರು ಬೇಡ, ಮುಗಿದು ಅರ್ಧ ಗಂಟೆ ಬಿಟ್ಟು ಕುಡೀರಿ. ಕಾಫಿ ಬಿಡಿ ಅಂತ ಕೊಡಗಿನವರಿಗೆ ಹೇಳೋ ಧೈರ್ಯ ನಂಗಿಲ್ಲ, ದಿನಕ್ಕೆ ಎರಡು ಸಾಕು, ಬೆಲ್ಲ ವಾರ ವಾರ ಕಮ್ಮಿ ಮಾಡ್ತಾ ಬನ್ನಿ, ನಾಲಿಗೆ ಒಗ್ಗಿಕೊಳ್ಳತ್ತೆ.

ಇಂಜೆಕ್ಷನ್ ವಿಷಯ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಅನ್ನೋವು ಆಪರೇಷನ್ ಆದ್ಮೇಲೆ ತೂಕ ಏರಿದವರಿಗೂ ಡಾಕ್ಟ್ರು ಕೊಡೋದುಂಟು, ಆದ್ರೆ ಅದನ್ನ ನಿಮ್ಮ ಸರ್ಜನ್ ತೀರ್ಮಾನ ಮಾಡ್ಬೇಕು. ಪಕ್ಕದ ಮನೆಯವರು ಹೇಳಿದ್ರು ಅಂತ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ ವಸ್ತು ಅಲ್ಲ. ಇಂಜೆಕ್ಷನ್ ತಗೊಂಡು ಇರೋ ಸ್ವಲ್ಪ ಊಟನೂ ರಸ್ಕ್‌ನಲ್ಲೇ ಮುಗಿಸಿದ್ರೆ ಸ್ನಾಯು ಕರಗಿ ಹೋಗತ್ತೆ.

ಪ್ರಶ್ನೆ: ನಂಗೆ ತೂಕ ಇಳಿಸೋ ಗ್ಯಾಸ್ಟ್ರಿಕ್ ಬೈಪಾಸ್ ಆಗಿ ಒಂದು ವರ್ಷ, 39 ಕೆಜಿ ಇಳಿದಿದೀನಿ. ಆಟಿ ತಿಂಗಳ 18ಕ್ಕೆ ಹೆಂಡತಿ ತವರಲ್ಲಿ ಮದ್ದುಸೊಪ್ಪಿನ ಪಾಯಸ ಒಂದು ಬಟ್ಟಲು ಕುಡಿದೆ, ಕಾಲು ಗಂಟೇಲಿ ಎದೆ ಡವಡವ, ಬೆವರು, ಹೊಟ್ಟೆ ತೊಳೆಸಿ ಮಲಗಿಬಿಟ್ಟೆ. ಮದ್ದು ಜಾಸ್ತಿ ಆಯ್ತು ಅಂದ್ರು ಎಲ್ಲರೂ. ಆಮೇಲೆ ಇನ್ನೊಂದು, ಮೊದಲು ನಾಲ್ಕು ಪೆಗ್ ಹಾಕಿದ್ರೂ ಏನೂ ಆಗ್ತಿರಲಿಲ್ಲ, ಈಗ ಎರಡಕ್ಕೇ ತಲೆ ತಿರುಗತ್ತೆ. ಮದುವೆ ಸೀಸನ್ ಬರ್ತಿದೆ, ಮನೇಲಿ ಮಾಡಿದ ವೈನ್ ಪರವಾಗಿಲ್ವಾ?
ಸೋಮವಾರಪೇಟೆಯ ಓದುಗರು

ಉತ್ತರ: ಪಾಪ, ಮದ್ದುಸೊಪ್ಪಿನ ಮೇಲೆ ತಪ್ಪು ಹಾಕ್ಬೇಡಿ. ನೀವು ಹೇಳಿದ ಲಕ್ಷಣ ನೋಡಿದ್ರೆ ಅದು ಪಾಯಸದ ಸಿಹಿಯ ಕೆಲಸ ಇದ್ದ ಹಾಗಿದೆ, ಡಂಪಿಂಗ್ ಅಂತಾರೆ. ಬೈಪಾಸ್ ಆದವರಲ್ಲಿ ಸಿಹಿ ಪದಾರ್ಥ ಜಠರದಲ್ಲಿ ತಡೀದೆ ಸೀದಾ ಸಣ್ಣ ಕರುಳಿಗೆ ಬೀಳತ್ತೆ, ಕರುಳು ಮೈಯಿಂದ ನೀರು ಎಳ್ಕೊಳ್ಳತ್ತೆ, ಬೆವರು, ಎದೆಬಡಿತ, ಕೆಲವರಿಗೆ ಭೇದಿ. ಮುಂದಿನ ವರ್ಷ ಆಟಿಗೆ ಎರಡು ಚಮಚ ಬಾಯಿಗೆ ಹಾಕ್ಕೊಳ್ಳಿ, ಶಾಸ್ತ್ರನೂ ಆಯ್ತು, ಸೊಪ್ಪಿನ ಬಣ್ಣಕ್ಕೆ ಮೂತ್ರ ಕೆಂಪಾಗಿದ್ಯಾ ಅಂತ ನೋಡೋ ಖುಷಿನೂ ಆಯ್ತು.

ಪೆಗ್ ವಿಷಯ ನಗೋದಲ್ಲ. ಬೈಪಾಸ್ ಆದಮೇಲೆ ಮದ್ಯ ರಕ್ತಕ್ಕೆ ಬೇಗ ಏರತ್ತೆ, ಜಾಸ್ತಿನೂ ಏರತ್ತೆ, ಇಳಿಯೋಕೆ ಹೊತ್ತು ಹಿಡಿಯತ್ತೆ. ಒಂದು ಪೆಗ್ ಹಾಕಿ ನಾನು ಸರಿಯಾಗೇ ಇದೀನಿ ಅಂತ ಜೀಪ್ ಹತ್ತಿ ನಮ್ಮ ತಿರುವುಗಳಲ್ಲಿ ಓಡ್ಸೋದಂತೂ ಬೇಡವೇ ಬೇಡ. ಊಟದ ಚಟ ಹೋದ ಜಾಗಕ್ಕೆ ಕುಡಿತ ಬಂದು ಕೂರೋದು ಈ ಆಪರೇಷನ್ ಆದವರಲ್ಲಿ ಕಂಡುಬರೋ ತೊಂದರೆ, ಮುಖ್ಯವಾಗಿ ಎರಡನೇ ವರ್ಷದಿಂದ ಆಚೆಗೆ, ನೀವು ಈಗ ಅದೇ ಬಾಗಿಲಲ್ಲಿದೀರಿ. 60 ಎಂಎಲ್ ವಿಸ್ಕಿಲಿ 140 ಕ್ಯಾಲೊರಿ ಹತ್ರ, ಮನೆ ವೈನ್‌ಗೆ ಎಷ್ಟು ಸಕ್ಕರೆ ಸುರೀತಾರೆ ಅಂತ ಮಾಡೋರನ್ನ ಕೇಳಿ ನೋಡಿ. ನನ್ನ ಉತ್ತರ ಬೇಡ ಅಂತಾನೇ. ಮದುವೆ ಮನೇಲಿ ಬಲವಂತ ಮಾಡೋ ಮಾವಂದಿರಿಗೆ "ಡಾಕ್ಟ್ರು ಬೇಡ ಅಂದಿದಾರೆ" ಅಂತ ಒಂದೇ ಮಾತು ಹೇಳಿ ಸಕ್ಕರೆ ಇಲ್ಲದ ನಿಂಬೆ ನೀರಿನ ಗ್ಲಾಸ್ ಕೈಯಲ್ಲಿ ಹಿಡ್ಕೊಳ್ಳಿ, ಖಾಲಿ ಕೈ ಕಂಡ್ರೇನೇ ಅವರಿಗೆ ಸುರಿಯೋ ಉಮೇದು. ಮಾರನೇ ದಿನ ತಲೆನೋವು ಮೈಕೈನೋವು ಅಂತ ಬ್ರುಫೆನ್, ಡೈಕ್ಲೋಫೆನಾಕ್ ಥರದ ಮಾತ್ರೆ ನುಂಗ್ಬೇಡಿ, ಬೈಪಾಸ್ ಆದವರಿಗೆ ಹೊಟ್ಟೇಲಿ ಹುಣ್ಣಾಗೋ ಅಪಾಯ ಜಾಸ್ತಿ.

ಪ್ರಶ್ನೆ: ಅಕ್ಕಾ, ವಾಕಿಂಗ್ ಮಾಡಿ ಅಂತಾರೆ, ಸಿದ್ದಾಪುರ ಕಡೆ ತೋಟದಲ್ಲಿ ನಮ್ಮನೆ, ಬೆಳಿಗ್ಗೆ ಆರಕ್ಕೆ ರಸ್ತೇಲಿ ಆನೆ ಇರತ್ತೆ. ಜೂನ್ ಬಂದ್ರೆ ಮಳೆ, ಜಿಗಣೆ. ಜಿಮ್ ದೂರ. ಸ್ಲೀವ್ ಆಗಿ ಎರಡು ವರ್ಷ. ಏನ್ ಮಾಡ್ಲಿ?

ಉತ್ತರ: ಆನೆ ಇರೋ ಕಡೆ ಕತ್ತಲಲ್ಲಿ ವಾಕಿಂಗ್ ಹೋಗಿ ಅಂತ ಯಾವ ಡಾಕ್ಟ್ರು ಹೇಳಿದ್ರೂ ಕೇಳ್ಬೇಡಿ. ಹತ್ತು ಗಂಟೆ ಮೇಲೆ ಹೋಗಿ, ಇಲ್ಲಾಂದ್ರೆ ಮನೆ ಅಂಗಳ, ಬೇಸಿಗೇಲಿ ಕಾಫಿ ಒಣಗಿಸೋ ಕಣದ ಸುತ್ತ. ಮಳೆಗಾಲಕ್ಕೆ ಜಗಲಿ ಇದ್ದೇ ಇದೆ, ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದ ಹಾಗೆ ದಿನಕ್ಕೆ ಮೂರು ನಾಲ್ಕು ಸಲ ನಡೆದ್ರೆ ಅದೂ ವಾಕಿಂಗೇ. ಆರೋಗ್ಯಕ್ಕೆ ವಾರಕ್ಕೆ 150 ನಿಮಿಷ ಸಾಕು ಅಂತಾರೆ, ಇಳಿದ ತೂಕ ಅಲ್ಲೇ ನಿಲ್ಲಿಸ್ಕೊಳ್ಳೋಕೆ 200ರಿಂದ 300 ನಿಮಿಷ ಬೇಕಾಗತ್ತೆ, ಮಾತಾಡೋಕಾಗ್ಬೇಕು, ಹಾಡೋಕೆ ಆಗ್ಬಾರ್ದು, ಅಷ್ಟು ಜೋರು. ಜೀಪಲ್ಲಿ ಕೂತು ತೋಟ ಸುತ್ತೋದು ಇದ್ರಲ್ಲಿ ಸೇರಲ್ಲ, ಕೆಲವರು ಸೇರಿಸ್ಕೋತಾರೆ ಅಂತ ಹೇಳ್ತಿದೀನಿ.

ನಡಿಗೆ ಒಂದೇ ಸಾಲಲ್ಲ. ಇಳಿದ ಕೆಜಿಗಳಲ್ಲಿ ಕೊಬ್ಬಿನ ಜೊತೆ ಸ್ನಾಯುನೂ ಇರತ್ತೆ, ಸ್ನಾಯು ಕಮ್ಮಿ ಆದಷ್ಟೂ ಮೈ ಖರ್ಚು ಮಾಡೋ ಕ್ಯಾಲೊರಿ ಕಮ್ಮಿ. ವಾರಕ್ಕೆ ಎರಡು ಮೂರು ದಿನ ಊಟದ ಮನೆ ಕುರ್ಚಿ ತಗೊಳ್ಳಿ, ಗೋಡೆಗೆ ಒತ್ತಿ ಇಡಿ, ಕೈ ಎದೆ ಮೇಲೆ ಕಟ್ಕೊಂಡು ಕೂತು ಎದ್ದು ಹತ್ತು ಸಲ, ಸ್ವಲ್ಪ ಸುಧಾರಿಸ್ಕೊಂಡು ಮತ್ತೆ ಹತ್ತು. ಮಂಡಿ ನೋವಿದ್ರೆ ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡ್ಕೊಳ್ಳಿ. ಆಮೇಲೆ ಗೋಡೆಗೆ ಕೈ ಕೊಟ್ಟು ಪುಶ್‌ಅಪ್, ಲೀಟರ್ ಬಾಟಲಿಗೆ ನೀರು ತುಂಬಿ ಎರಡೂ ಕೈಯಲ್ಲಿ ಎತ್ತಿ ಇಳಿಸೋದು. ಸುಲಭ ಅನ್ನಿಸೋಕೆ ಶುರುವಾದ್ರೆ ಬಾಟಲಿ ದೊಡ್ಡದು ಮಾಡಿ.

ಪ್ರಶ್ನೆ: ಆಪರೇಷನ್ ಆಗಿ ಐದು ತಿಂಗಳು, ಕೂದಲು ಬಾಚಣಿಗೆ ತುಂಬ ಬರ್ತಿದೆ. ವಿಟಮಿನ್ ಮಾತ್ರೆ ಹೀಟ್ ಅಂತ ಅಮ್ಮ ನಿಲ್ಲಿಸು ಅಂತಿದಾರೆ. ನಂಗೆ 28, ಮುಂದಿನ ವರ್ಷ ಮಗು ಪ್ಲಾನ್ ಇದೆ.
ಕುಶಾಲನಗರ

ಉತ್ತರ: ಅಮ್ಮನ ಮಾತು ಇದೊಂದರಲ್ಲಿ ಕೇಳ್ಬೇಡಿ. ತೂಕ ಬೇಗ ಇಳಿದಾಗ ಮೂರರಿಂದ ಆರು ತಿಂಗಳ ಮಧ್ಯೆ ಕೂದಲು ಉದುರೋದು ಮಾಮೂಲು, ಹೆಚ್ಚಿನವರಿಗೆ ತಿರುಗಿ ಬರತ್ತೆ, ಆದ್ರೆ ಪ್ರೋಟೀನ್, ಕಬ್ಬಿಣ ಕಮ್ಮಿ ಇದ್ರೆ ಉದುರೋದು ನಿಲ್ಲಲ್ಲ. ಮಲ್ಟಿವಿಟಮಿನ್, ಬಿ12, ಡಿ, ಕ್ಯಾಲ್ಸಿಯಂ ಇವು ಜೀವನಪೂರ್ತಿ, ತೂಕ ಸರಿ ಇದ್ರೂ. ಕ್ಯಾಲ್ಸಿಯಂನಲ್ಲಿ ಸಿಟ್ರೇಟ್ ಅಂತ ಇರೋದನ್ನ ಕೇಳಿ ತಗೊಳ್ಳಿ. ರಕ್ತ ಪರೀಕ್ಷೆ ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಂದು ಸಲ. ಮಗು ವಿಷಯಕ್ಕೆ ಆಪರೇಷನ್ ಆದ ದಿನದಿಂದ 12ರಿಂದ 18 ತಿಂಗಳು ಕಾಯಿರಿ, ಅದಕ್ಕೂ ಮೊದಲೇ ಸ್ತ್ರೀರೋಗ ಡಾಕ್ಟ್ರಿಗೆ ಆಪರೇಷನ್ ಕಾಗದ ತೋರಿಸಿ. ವಾಂತಿ ನಿಲ್ದೇ ಇದ್ರೆ, ಕೈಕಾಲು ಜೋಮು ಹಿಡಿದ್ರೆ, ನಡೆಯೋವಾಗ ಓಲಾಡಿದ್ರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ಬಿ1 ಕಮ್ಮಿ ಆಗಿರೋ ಸಾಧ್ಯತೆ ಇರತ್ತೆ. ಕಬ್ಬಿಣದ ಮಾತ್ರೆ ಮತ್ತೆ ಕ್ಯಾಲ್ಸಿಯಂ ಮಧ್ಯೆ ಎರಡು ಗಂಟೆ ಅಂತರ ಇರ್ಲಿ, ಕಬ್ಬಿಣದ ಮಾತ್ರೆನ ಕಾಫಿ ಜೊತೆ ನುಂಗ್ಬೇಡಿ, ನೀರಲ್ಲೇ ನುಂಗಿ, ಕಾಫಿ ಒಂದು ಗಂಟೆ ಆದ್ಮೇಲೆ.