ಒಂಬತ್ತು ಅಂತ ಬಾಯಿಬಿಟ್ಟು ಹೇಳಿ

ಪ್ರಶ್ನೆ: ಸಿಸ್ಟರ್ ಅಕ್ಕಾರ, ನಮ್ಮದು ಇಳಕಲ್, ಮನೆಯವರದು ಮಗ್ಗದ ಕೆಲಸ. ಮಗನಿಗೆ 8 ವರ್ಷ, 20 ಕೆ.ಜಿ. ಇದ್ದಾನೆ. ಹಿಮೋಫಿಲಿಯಾ ಬಿ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಜೋರಿನದು. ವಾರಕ್ಕೆ ಎರಡು ಸಲ ನರಕ್ಕೆ ಫ್ಯಾಕ್ಟರ್ ಹಾಕಿಸುತ್ತೇವೆ. ನರ ಸಿಗದೆ ಬಹಳ ಅಳುತ್ತಾನೆ. ಗುರುತಿನವರ ಹುಡುಗನಿಗೂ ಹಿಮೋಫಿಲಿಯಾನೇ. ಅವನಿಗೆ ತಿಂಗಳಿಗೊಮ್ಮೆ ಹೊಟ್ಟೆಯ ಚರ್ಮಕ್ಕೆ ಚುಚ್ಚಿದರೆ ಮುಗೀತು. ನಮಗ್ಯಾಕೆ ಅದನ್ನು ಕೊಡುವುದಿಲ್ಲ? ಇನ್ನೊಂದು, ಬನಶಂಕರಿ ಜಾತ್ರೆಗೆ ನಾಲ್ಕು ದಿನ ಬಾದಾಮಿ ಕಡೆ ತವರಿಗೆ ಹೋಗುವುದಿದೆ. ಒಂದು ಡೋಸ್ ಬಿಟ್ಟರೆ ನಡೆಯುತ್ತದಾ?

ಉತ್ತರ: ತಂಗಿ, ಆ ಹುಡುಗನದು ಹಿಮೋಫಿಲಿಯಾ ಎ ಇರಬೇಕು. ಫ್ಯಾಕ್ಟರ್ ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶ. ಅವನಿಗೆ ಕೊರತೆ 8ನೇ ಫ್ಯಾಕ್ಟರಿನದು, ನಿಮ್ಮವನಿಗೆ 9ನೆಯದು. ಅವನಿಗೆ ಚುಚ್ಚುವುದು ಎಮಿಸಿಜುಮ್ಯಾಬ್ ಇದ್ದೀತು. ಮಗ್ಗದ ಮನೆಯವರಿಗೆ ಇದನ್ನು ಹೇಳುವುದು ಸುಲಭ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುತ್ತೀರಲ್ಲ, ರಕ್ತ ಹೆಪ್ಪುಗಟ್ಟುವಾಗ 9ನ್ನೂ 10ನ್ನೂ ಹಾಗೆ ಕೂಡಿಸುವ ಕೊಂಡಿಯೇ 8. ಆ ಔಷಧ ಕೊಂಡಿಯ ಕೆಲಸ ಮಾಡುತ್ತದೆ, ಅಷ್ಟೇ. ನಿಮ್ಮ ಮಗನಲ್ಲಿ ಒಡಲಿನ ಹಾಸೇ, ಅಂದರೆ ಒಂಬತ್ತೇ ಇಲ್ಲ. ಕೊಂಡಿ ಯಾವುದಕ್ಕೆ ಹಾಕುತ್ತೀರಿ?

ಬಿ ಇದ್ದವರಿಗೂ ಚರ್ಮಕ್ಕೆ ಕೊಡುವ ಮದ್ದು ಬರುತ್ತಿದೆ. ಮಾರ್ಸ್ಟಾಸಿಮ್ಯಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದೂ 12 ವರ್ಷ ತುಂಬಿದವರಿಗೆ. ಸದ್ಯಕ್ಕೆ ನಿಮ್ಮವನಿಗೆ 9ನೇ ಫ್ಯಾಕ್ಟರೇ ಗತಿ.

ಈ ಎಂಟು-ಒಂಬತ್ತರ ಗೊಂದಲ ನಮ್ಮನ್ನೂ ಬಿಟ್ಟಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆಸ್ಪತ್ರೆಯ ಹೆಸರು ಬೇಡ, ರಾತ್ರಿ ಪಾಳಿಗೆ ಮುಧೋಳ ಕಡೆಯ ಒಬ್ಬ ಹುಡುಗ ಬಂದ. ಮೊಣಕಾಲು ಕುಂಬಳಕಾಯಿ ಆಗಿತ್ತು. ಚೀಟಿಯಲ್ಲಿ ಬರೀ 'ಹಿಮೋಫಿಲಿಯಾ' ಅಂತಿತ್ತು. ಕ್ರಯೊ, ಅಂದರೆ ದಾನಿಗಳ ರಕ್ತದಿಂದ ತೆಗೆದ ಒಂದು ಅಂಶ, ಏರಿಸಿದೆವು. ಬೆಳಗಾಗುವಷ್ಟರಲ್ಲಿ ನಾಲ್ಕು ಚೀಲ ಖಾಲಿ, ಬಾವು ಎಳ್ಳಷ್ಟೂ ಇಳಿದಿರಲಿಲ್ಲ. ಬೆಳಿಗ್ಗೆ ಬಂದ ಹಿರಿಯ ಡಾಕ್ಟರು ಹಳೆಯ ಫೈಲು ತಿರುವಿ, "ಇವ ಬಿ ಇದ್ದಾನಲ್ರೀ ಸಿಸ್ಟರ್, ಕ್ರಯೊದಾಗ ಒಂಬತ್ತು ಎಲ್ಲೈತಿ?" ಅಂದರು. ಕ್ರಯೊದಲ್ಲಿ 8 ಇರುತ್ತದೆ, 9 ಇರುವುದಿಲ್ಲ. ಆಮೇಲೆ 9 ಇರುವ ಪ್ಲಾಸ್ಮಾ (ರಕ್ತದ ತಿಳಿಭಾಗ) ತರಿಸಿದೆವು. ಆ ತಾಯಿಗೆ ನಾನೊಂದು ಮಾತು ಕೇಳಿದ್ದರೆ ಸಾಕಿತ್ತು, ಕೇಳಲಿಲ್ಲ. ಅದಕ್ಕೇ ಹೇಳುತ್ತೇನೆ, ಎಲ್ಲಿಗೆ ಹೋದರೂ 'ಬಿ, ಒಂಬತ್ತು' ಅಂತ ನೀವೇ ಮೊದಲು ಹೇಳಿ. ದಪ್ಪಕ್ಷರದಲ್ಲಿ ಬರೆದ ಕಾರ್ಡು ಹುಡುಗನ ಕಿಸೆಯಲ್ಲಿರಲಿ. ಹಳೆಯ ಕಾಗದದಲ್ಲಿ 'ಕ್ರಿಸ್ಮಸ್ ಡಿಸೀಸ್' ಅಂತ ಕಂಡರೆ ಗಾಬರಿಯಾಗಬೇಡಿ, ಅದೂ ಇದೇ. 1952ರಲ್ಲಿ ಈ ರೋಗವನ್ನು ಎಯಿಂದ ಬೇರೆ ಮಾಡಿ ತೋರಿಸಿದ ಲೇಖನದಲ್ಲಿದ್ದ ಹುಡುಗನ ಮನೆತನದ ಹೆಸರು ಕ್ರಿಸ್ಮಸ್. ಹಬ್ಬಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಜಾತ್ರೆ. ಡೋಸ್ ಬಿಡಬೇಡಿ. ಲೆಕ್ಕ ನೋಡಿ: ಕೆ.ಜಿ.ಗೆ 1 ಯೂನಿಟ್ ಹಾಕಿದರೆ ರಕ್ತದಲ್ಲಿ 9ರ ಮಟ್ಟ ಹೆಚ್ಚುಕಡಿಮೆ ಶೇ. 1 ಏರುತ್ತದೆ. ನಿಮ್ಮ ಹುಡುಗನಿಗೆ 800 ಯೂನಿಟ್ ಹಾಕಿದರೆ ಶೇ. 40 ಅಂದುಕೊಳ್ಳಿ. ಸಾದಾ ಫ್ಯಾಕ್ಟರ್ 18ರಿಂದ 24 ತಾಸಿಗೆ ಅರ್ಧವಾಗುತ್ತದೆ. ಮರುದಿನ 20, ಆಮೇಲೆ 10, 5, ನಾಲ್ಕನೇ ದಿನಕ್ಕೆ ಎರಡೂವರೆ. ಶೇ. 1ರ ಕೆಳಗೆ ಹೋಯಿತೆಂದರೆ ಬೀಳದೆ, ಏಳದೆ, ಸುಮ್ಮನೆ ಕೂತಲ್ಲೇ ಕೀಲಿನಲ್ಲಿ ರಕ್ತ ಒಸರಬಹುದು. ಅವನ ಡೋಸ್ ಎಷ್ಟೆಂದು ಡಾಕ್ಟರು ಹೇಳುತ್ತಾರೆ, ಹೊರಡುವ ದಿನದ ಬೆಳಿಗ್ಗೆಗೆ ಬರುವ ಹಾಗೆ ಅವರನ್ನು ಕೇಳಿ ದಿನ ಸರಿಸಿಕೊಳ್ಳಿ.

ಇನ್ನೊಂದು ಡೋಸ್ ಐಸ್ ಡಬ್ಬಿಯಲ್ಲಿ ಜೊತೆಗಿರಲಿ. ಐಸಿಗೆ ತಾಗದಂತೆ ಬಟ್ಟೆ ಸುತ್ತಿ, ಹೆಪ್ಪುಗಟ್ಟಿದರೆ ಕೆಟ್ಟಿತು. ಕಲಸುವವರು ಅವಸರದಲ್ಲಿ ಬಾಟಲಿ ಕುಲುಕುತ್ತಾರೆ, ಬೇಡವೆನ್ನಿ. ನೀರು ಬಿಟ್ಟ ಮೇಲೆ ಎರಡೂ ಅಂಗೈ ನಡುವೆ ಮೆಲ್ಲಗೆ ಹೊರಳಿಸಬೇಕು, ತಳದ ಬಿಳಿ ಬಿಲ್ಲೆ ನೊರೆಯೇಳದೆ ಕರಗಿ ತಿಳಿಯಾಗುತ್ತದೆ. ನರ ಸಿಗಲು ಮೊದಲು ಚೆನ್ನಾಗಿ ನೀರು ಕುಡಿಸಿ, ಕೈಯನ್ನು ಬೆಚ್ಚಗಿನ ನೀರಲ್ಲಿ ಅದ್ದಿಡಿ.

"ಅವ್ವಾ, ಮೊಣಕಾಲೊಳಗ ಜುಮುಜುಮು ಅಂತೈತಿ" ಅಂದನೋ, ಬಾವು ಕಾಣಲಿ ಅಂತ ಕಾಯಬೇಡಿ, ಆಗಲೇ ಫ್ಯಾಕ್ಟರ್ ಬೇಕು. ತವರಲ್ಲಿ ಯಾರಾದರೂ ಉಳುಕು ತೆಗೆಯುತ್ತೇವೆಂದು ಎಣ್ಣೆ ಹಿಡಿದು ಬಂದರೆ ಕಾಲು ಮುಟ್ಟಗೊಡಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಗುಳಿಗೆ ನಡೆಯುತ್ತದೆ, ಆಸ್ಪಿರಿನ್, ಬ್ರೂಫೆನ್ ಬೇಡ, ಕುಂಡಿಗೆ ಇಂಜೆಕ್ಷನ್ನೂ ಬೇಡ.

ಈ ಕಾಯಿಲೆ ಹೊಸದಾಗಿ ಗೊತ್ತಾದ ಮನೆಯವರಿಗೊಂದು ಮಾತು: ಬಿ ಇದ್ದ ಕೆಲವು ಮಕ್ಕಳಿಗೆ 9ನೇ ಫ್ಯಾಕ್ಟರೇ ಒಗ್ಗದೆ ಮೈತುಂಬ ಗಂದೆ, ಉಸಿರುಕಟ್ಟು ಬರುವುದುಂಟು. ಮೊದಲ 10-20 ಡೋಸ್ ಆಸ್ಪತ್ರೆಯಲ್ಲೇ ಆಗಲಿ.

ತಿರುಗುವ ತೊಟ್ಟಿಲಲ್ಲಿ ಕೂರಿಸಬಹುದಾ ಅಂತ ನೀವು ಕೇಳಿಲ್ಲ, ಅವನು ಕೇಳದೆ ಬಿಡುವುದಿಲ್ಲ. ಡೋಸ್ ಹಾಕಿದ ದಿನ ಕೂರಿಸಿ, ಪಕ್ಕದಲ್ಲಿ ನೀವೂ ಕೂತು.